ಓಟದ ಹಿಂದೆ ಬರುತ್ತಿದ್ದ ತಮ್ಮ

ಸಂಜೆ ಏಳೂವರೆಯಾದರೆ ನಮ್ಮ ಮನೆಯಲ್ಲಿ ಯಾರೂ ಫೋನ್ ಎತ್ತುತ್ತಿರಲಿಲ್ಲ. ತೂಕ ಇಳಿಸುವ ಸ್ಪರ್ಧೆಯ ಕಾರ್ಯಕ್ರಮ ಆ ಹೊತ್ತಿಗೆ ಟಿವಿಯಲ್ಲಿ ಬರುತ್ತಿತ್ತು. ಹತ್ತು ಹನ್ನೆರಡು ಮಂದಿ ದಪ್ಪನೆಯ ಗಂಡಸರು, ಹೆಂಗಸರನ್ನು ಒಂದು ದೊಡ್ಡ ಬಂಗಲೆಯಲ್ಲಿ ಇಟ್ಟು, ಓಡಿಸಿ, ಲಾರಿಯ ಟೈರು ಎಳೆಸಿ, ಬೈದು, ವಾರದ ಕೊನೆಗೆ ಎಲ್ಲರ ಎದುರು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದರು. ಕಡಿಮೆ ಇಳಿದವರು ಅಳುತ್ತಾ ಮನೆಗೆ ಹೋಗುತ್ತಿದ್ದರು. ಅವರಿಗಿಂತ ಹೆಚ್ಚು ನನ್ನ ತಮ್ಮ ಅಳುತ್ತಿದ್ದ. ಮಡಿಲಲ್ಲಿ ಒಗ್ಗರಣೆ ಮಂಡಕ್ಕಿಯ ತಟ್ಟೆ, ಕೈಯಲ್ಲಿ ಮಿರ್ಚಿ, ಕಣ್ಣಲ್ಲಿ ನೀರು. ಆಗ ಅವನ ತೂಕ ನೂರ ಇಪ್ಪತ್ತೆಂಟು ಕಿಲೊ.

ನಮ್ಮಮ್ಮ ಆ ಕಾರ್ಯಕ್ರಮ ನೋಡುತ್ತಿದ್ದದ್ದು ಬೈಯುವುದಕ್ಕೆ. "ಉಣ್ಣಲಿಕ್ಕೆ ಕೊಡದಂಗ ಓಡಸ್ತಾರಲ್ಲ, ಇವ್ರಿಗೆ ತಾಯಿ ಇಲ್ಲೇನು?" ಎಂದು ತರಬೇತಿ ಕೊಡುವವನನ್ನು ಕೇಳುತ್ತಿದ್ದಳು, ಅವನಿಗೆ ಕೇಳಿಸುತ್ತದೆ ಎನ್ನುವ ಹಾಗೆ. ಏಕಾದಶಿಗೆ ಅಮ್ಮ ನೀರೂ ಮುಟ್ಟುತ್ತಿರಲಿಲ್ಲ. ತಮ್ಮನೂ ಅವತ್ತು ಅವಳ ಜೊತೆ ಉಪವಾಸ ಕೂರುತ್ತಿದ್ದ, ನಿಜವಾಗಿಯೂ ಕೂರುತ್ತಿದ್ದ. ಮರುದಿನ ಬೆಳಿಗ್ಗೆ ಪಾರಣೆಗೆ ಅವನಿಗೆಂದೇ ಅಮ್ಮ ಎರಡು ಬಗೆ ಪಾಯಸ ಮಾಡುತ್ತಿದ್ದಳು.

ಮನೆಯಲ್ಲಿ ನಾವು ಮೂರೇ ಮಂದಿ. ನನಗೂ ಮದುವೆಯಾಗಿರಲಿಲ್ಲ, ಅವನಿಗೂ ಆಗಿರಲಿಲ್ಲ. ನಾನು ಹೊಸಪೇಟೆಯಲ್ಲೇ ಒಂದು ಕಚೇರಿಯಲ್ಲಿ ಕ್ಲರ್ಕ್. ನನಗಿಂತ ಏಳು ವರ್ಷ ಚಿಕ್ಕವನಾದ ಅವನು ವಡ್ಡು ಎಂಬ ಊರಿನ ಕಡೆಯ ಒಂದು ಫ್ಯಾಕ್ಟರಿಯ ಕಂಟ್ರೋಲ್ ರೂಮಿನಲ್ಲಿ ಪಾಳಿ ಕೆಲಸ ಮಾಡುತ್ತಿದ್ದ. ಎಂಟು ಗಂಟೆ ಕುರ್ಚಿಯಲ್ಲಿ ಕುಳಿತು ಪರದೆ ನೋಡುವ ಕೆಲಸ. ಫ್ಯಾಕ್ಟರಿ ಬಸ್ಸು ಮನೆ ಬಾಗಿಲಿಗೇ ಬರುತ್ತಿತ್ತು.

ಮೂವತ್ತೆಂಟಕ್ಕೆ ನಾನು ಓಡಲು ಶುರುಮಾಡಿದೆ. ಕಚೇರಿಯ ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಅದಕ್ಕೆ. ಮೊದಲು ಸ್ಟೇಡಿಯಮ್ಮಿನಲ್ಲಿ ಎರಡು ಸುತ್ತು, ಆಮೇಲೆ ಕಾಲುವೆಯ ದಂಡೆ, ಆಮೇಲೆ ಭಾನುವಾರ ಓಡುವವರ ಒಂದು ಗುಂಪು. ಬ್ಯಾಂಕಿನವರು, ಇಬ್ಬರು ಮೇಷ್ಟ್ರು, ಒಬ್ಬರು ಹಲ್ಲಿನ ಡಾಕ್ಟರು. ನಸುಕಿನಲ್ಲಿ ಹೊರಟು ಅನಂತಶಯನಗುಡಿ, ಕಡ್ಡಿರಾಂಪುರ ದಾಟಿ ಹಂಪಿ ಮುಟ್ಟಿ, ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ಅಮ್ಮನಿಗೆ ಇದು ಒಂದಿಷ್ಟೂ ಹಿಡಿಸಲಿಲ್ಲ.

"ಆ ದಾರಿಯೊಳಗ ಚಿರತೆ ಬಂದಾವಂತ. ಹೆಣ್ಮಗಳು ಕತ್ತಲಾಗ ಓಡ್ತಾಳಂತ!"

"ನಾ ಹಿಂದಿಂದ ಸ್ಕೂಟರ್ ತಗೊಂಡು ಹೋಗ್ತೀನಿ ಬಿಡಮ್ಮ" ಎಂದ ತಮ್ಮ.

ಹಾಗೆ ಅವನು ನಮ್ಮ ಓಟದ ಹಿಂದೆ ಬರತೊಡಗಿದ. ಸ್ಕೂಟರಿನ ಬೆಳಕು ನಮ್ಮ ಮುಂದಿನ ರಸ್ತೆಯ ಮೇಲೆ ಬೀಳುವಷ್ಟೇ ಅಂತರ ಬಿಟ್ಟು ನಿಧಾನಕ್ಕೆ ಬರುತ್ತಿದ್ದ. ಕಾಲಿನ ಹತ್ತಿರ ನೀರಿನ ಕ್ಯಾನು, ಹ್ಯಾಂಡಲ್ಲಿಗೆ ತೂಗುಬಿಟ್ಟ ಬಾಳೆಹಣ್ಣಿನ ಚಿಪ್ಪು, ಡಬ್ಬಿಯಲ್ಲಿ ಉಪ್ಪು, ನಿಂಬೆಹಣ್ಣು. ಯಾರಿಗೆ ಎಷ್ಟು ಉಪ್ಪು ಬೇಕೆಂದು ತಿಂಗಳೊಳಗೆ ಅವನಿಗೆ ಗೊತ್ತಾಗಿತ್ತು. ಯಾರಾದರೂ ಹಿಂದೆ ಬಿದ್ದರೆ ಅವರ ಪಕ್ಕದಲ್ಲೇ ಸ್ಕೂಟರ್ ಬಿಟ್ಟುಕೊಂಡು, "ಅರಾಮ ಬರ್ರಿ, ಹಂಪಿ ಎಲ್ಲಿಗೂ ಓಡಿಹೋಗಂಗಿಲ್ಲ" ಎನ್ನುತ್ತಿದ್ದ. ಗುಂಪಿನವರಿಗೆ ಅವನೆಂದರೆ ಭಾಳ ಪ್ರೀತಿ. ನನಗೆ ಮಾತ್ರ ಒಳಗೊಳಗೇ ಒಂದು ಇರುಸುಮುರುಸು. ಅಷ್ಟು ತೆಳ್ಳಗಿನ ಜನರ ನಡುವೆ ಅವನು ಸ್ಕೂಟರ್ ಇಳಿಯುವಾಗ ಸೀಟು ಮೇಲೇಳುವುದನ್ನು ನಾನು ನೋಡದಂತೆ ಇರುತ್ತಿದ್ದೆ. ಇದನ್ನು ಆಗ ಒಪ್ಪಿಕೊಂಡಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಒಂದು ಭಾನುವಾರ ಬಳ್ಳಾರಿಯ ಓಟಗಾರರು ನಮ್ಮ ಜೊತೆ ಹಂಪಿಗೆ ಬಂದರು. ದೇವಸ್ಥಾನದ ಎದುರಿನ ಬಯಲಿನಲ್ಲಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದೆವು. ನಾನು ಅವತ್ತು ಚೆನ್ನಾಗಿ ಓಡಿದ್ದೆ. ಅವರ ಪೈಕಿ ಒಬ್ಬ ಮಹಿಳೆ, ಡಾಕ್ಟರಂತೆ, ನನ್ನನ್ನು ಹೊಗಳಿ, ನಿಂಬೆ ಹಿಂಡುತ್ತಿದ್ದ ತಮ್ಮನ ಕಡೆ ನೋಡಿ ಕೇಳಿದಳು:

"ಸ್ಕೂಟರ್‌ನಾಗ ಬಂದ್ರಲ್ಲ, ಅವ್ರು ಯಾರ್ರಿ?"

"ನಮಗ ನೀರು ಕೊಡ್ಲಿಕ್ಕೆ ಬರ್ತಾರ್ರಿ" ಎಂದೆ.

ಸುಳ್ಳಲ್ಲ ಅದು. ನೀರು ಕೊಡಲಿಕ್ಕೇ ಬರುತ್ತಿದ್ದ. ಆದರೆ ಅವನು ಹತ್ತು ಹೆಜ್ಜೆ ದೂರದಲ್ಲಿದ್ದ. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಬಾಟಲಿ ಹಂಚುತ್ತಾ ನನ್ನ ಬಳಿ ಬಂದು, "ತಗೊಳ್ರಿ ಮೇಡಂ" ಎಂದು ಕೈ ಚಾಚಿದ. ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದವನು. ತಮಾಷೆಗೆ ಅಂದ ಎಂದುಕೊಂಡು ನಕ್ಕೆ. ಅವನೂ ನಕ್ಕ. ಮನೆಗೆ ಬಂದ ಮೇಲೆ ನಾನೂ ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ. ಮುಂದಿನ ಭಾನುವಾರ ಮೊದಲಿನ ಹಾಗೆಯೇ ಬಂದ.

ಮೂರು ತಿಂಗಳಾಗಿರಬೇಕು. ಕಾರ್ಯಕ್ರಮದ ಕೊನೆಗೆ ಹೊಸ ಸ್ಪರ್ಧಿಗಳು ಬೇಕೆಂದು ಟಿವಿಯಲ್ಲಿ ಹೇಳಿದರು. ಮೂರು ನಿಮಿಷದ ವಿಡಿಯೊ ಕಳಿಸಬೇಕು, ನೀವು ಬೆಳೆದ ಜಾಗ ತೋರಿಸಬೇಕು, ಯಾಕೆ ತೂಕ ಇಳಿಸಬೇಕು ಅಂತ ಮನಸ್ಸು ಬಿಚ್ಚಿ ಹೇಳಬೇಕು.

"ಅಕ್ಕ, ನಿನ್ನ ಫೋನ್ ಛಲೋ ಅದ. ನೀನೇ ತೆಗಿ" ಎಂದ ತಮ್ಮ. ನನಗೆ ಖುಷಿಯೇ ಆಯಿತು. ಎಷ್ಟು ಸಲ ನಾನು ಅವನನ್ನು ಸ್ಟೇಡಿಯಮ್ಮಿಗೆ ಕರೆದಿದ್ದೆ, ಅನ್ನ ಕಡಿಮೆ ಮಾಡು ಎಂದು ಜಗಳವಾಡಿದ್ದೆ, ಒಂದು ಸಲವಂತೂ ಟಿವಿಯವರ ಹಾಗೆಯೇ ಕಿರುಚಿದ್ದೆ. ಯಾವುದೂ ನಾಟಿರಲಿಲ್ಲ. ಈಗ ತಾನಾಗಿ ಎದ್ದಿದ್ದಾನೆ.

ನಾವು ಹುಟ್ಟಿ ಬೆಳೆದದ್ದು ಕಂಪ್ಲಿಯಲ್ಲಿ. ಒಂದು ಬೆಳಿಗ್ಗೆ ಅವನ ಸ್ಕೂಟರಿನಲ್ಲೇ ಹೊರಟು ಕಮಲಾಪುರದ ಮೇಲೆ ಕಂಪ್ಲಿಗೆ ಹೋದೆವು. ನಾವಿದ್ದ ಬಾಡಿಗೆ ಮನೆ ಇರಲಿಲ್ಲ, ಅಲ್ಲಿ ಗೊಬ್ಬರದ ಅಂಗಡಿ ಬಂದಿತ್ತು. ಸೇತುವೆಯ ಹತ್ತಿರ ಹೊಳೆಯ ದಂಡೆಗೆ ಇಳಿದೆವು. ಅವನು ಹೊಸ ನೀಲಿ ಶರ್ಟು ಹಾಕಿಕೊಂಡು ಬಂದಿದ್ದ. ಒಂದು ಬಂಡೆಯ ಮೇಲೆ ಕುಳಿತ. ನಾನು ಫೋನ್ ಹಿಡಿದೆ.

ಹೆಸರು, ಊರು, ಕೆಲಸ, ತೂಕ ಹೇಳಿದ. ಗಂಟಲು ಸರಿಮಾಡಿಕೊಂಡ. ಆಮೇಲೆ ಫೋನನ್ನೇ ನೋಡುತ್ತಾ, ಅಂದರೆ ನನ್ನನ್ನೇ ನೋಡುತ್ತಾ ಹೇಳಿದ:

"ನಮ್ಮಕ್ಕ ಓಡ್ತಾಳ್ರಿ. ಹಂಪಿ ತನಕ ಓಡ್ತಾಳ. ನಾ ಹಿಂದ ನೀರು ತಗೊಂಡು ಹೋಗ್ತಿರ್ತೀನಿ. ಒಂದಿನ ಯಾರೋ ಇವ್ರು ಯಾರು ಅಂತ ಕೇಳಿದ್ರು. ನೀರು ಕೊಡ್ಲಿಕ್ಕೆ ಬರ್ತಾರ ಅಂದ್ಲು. ತಮ್ಮ ಅಂತ ಅನ್ಲಿಲ್ಲ. ಆಕೀದು ತಪ್ಪಿಲ್ರಿ, ನಾ ಹಿಂಗ ಇದ್ದೀನಿ. ಮಂದಿ ಮುಂದ ಆಕಿ ನನ್ನ ತಮ್ಮ ಅನ್ನೋ ಹಂಗ ಆಗಬೇಕ್ರಿ ನಾನು. ಅಷ್ಟೇ."

ಸೇತುವೆಯ ಮೇಲೆ ಒಂದು ಲಾರಿ ಉದ್ದಕ್ಕೂ ಹಾರ್ನ್ ಹೊಡೆಯುತ್ತಾ ಹೋಯಿತು. ನಾನು ಫೋನ್ ಇಳಿಸಲಿಲ್ಲ. ಇಳಿಸಿದರೆ ನನ್ನ ಮುಖ ಕಾಣುತ್ತಿತ್ತು.

"ಬಂತೇನು?" ಎಂದು ಎದ್ದು ಬಂದು ನೋಡಿದ. "ಥೂ, ಲಾರಿ ಸಪ್ಪಳದಾಗ ನನ್ನ ಮಾತ ಕೇಳವಲ್ಲದು. ಇನ್ನೊಮ್ಮೆ ಮಾಡೋಣ."

ಇನ್ನೊಮ್ಮೆ ಮಾಡಿದೆವು. ಎರಡನೆಯ ಸಲ ಅವನು ಅದನ್ನು ಇನ್ನಷ್ಟು ಚೆನ್ನಾಗಿ ಹೇಳಿದ. ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಗೊತ್ತಾಗಿತ್ತು. 'ತಮ್ಮ ಅಂತ ಅನ್ಲಿಲ್ಲ' ಎಂದವನು ಒಂದು ಗಳಿಗೆ ಹೊಳೆಯ ಕಡೆ ನೋಡಿದ. ಆಗ ಎಮ್ಮೆಗಳು ನಡುವೆ ಬಂದವು, ಮತ್ತೆ ತೆಗೆಯಬೇಕಾಯಿತು. ಮೂರನೆಯ ಸಲ ಹೇಳುವಾಗ ಅವನ ಕಣ್ಣಿಗೆ ನೀರು ಬಂತು. ನನಗೆ ಬರಲಿಲ್ಲ. ನನ್ನ ತೋಳು ನೋಯುತ್ತಿತ್ತು, ಅದಷ್ಟೇ ನೆನಪಿದೆ. ಮೂರು ಸಲ ಅದೇ ಮಾತು ಕೇಳಿದೆ. ಮೂರು ಸಲವೂ ಬಾಯಿ ಬಿಡಲಾಗಲಿಲ್ಲ, ಬಿಟ್ಟರೆ ನನ್ನ ದನಿ ವಿಡಿಯೊದಲ್ಲಿ ಬರುತ್ತಿತ್ತು.

"ಈಗ ಮಸ್ತ್ ಬಂತು" ಎಂದ ತಮ್ಮ. ವಾಪಸು ಬರುವಾಗ ಕಮಲಾಪುರದಲ್ಲಿ ಇಡ್ಲಿ ತಿಂದೆವು. ನನ್ನ ತಟ್ಟೆಯದನ್ನೂ ಅವನೇ ತಿಂದ. ಆ ವಿಡಿಯೊ ನನ್ನ ಫೋನಿನಲ್ಲಿತ್ತು, ಕಳಿಸಬೇಕಾದವಳೂ ನಾನೇ. ಎರಡು ದಿನ ಕಳಿಸಲಿಲ್ಲ. ಮೂರನೆಯ ದಿನ ಅವನು "ಹೋತೇನ ಅಕ್ಕ?" ಎಂದು ಕೇಳಿದ. ಅವನ ಎದುರೇ ಕಳಿಸಿದೆ.

ಎರಡು ವಾರ ಬಿಟ್ಟು ಟಿವಿಯವರ ಫೋನ್ ಬಂತು. ಬೆಂಗಳೂರು ಕಡೆಯ ಮಾತಿನ ಒಬ್ಬ ಹುಡುಗಿ. ತಮ್ಮ ಸ್ಪೀಕರಿಗೆ ಹಾಕಿದ. ನಾವು ಮೂವರೂ ಸುತ್ತ ಕುಳಿತೆವು.

"ಸರ್, ನಿಮ್ಮ ಸ್ಟೋರಿ ನಮ್ಮ ಟೀಮಿಗೆ ತುಂಬಾ ಇಷ್ಟ ಆಯ್ತು. ಆದ್ರೆ ಒಂದು ವಿಷಯ. ನಿಮ್ಮ ಅಕ್ಕಾನೂ ಬರಬೇಕು. ಮೊದಲನೇ ವಾರ ನೀವು ತೂಕದ ಮೇಲೆ ನಿಂತಾಗ ಅವರು ಸ್ಟೇಜಿಗೆ ಬಂದು ಸಾರಿ ಕೇಳ್ತಾರೆ. ಅದು ತುಂಬಾ ಚೆನ್ನಾಗಿ ಬರುತ್ತೆ. ಅವರು ಒಪ್ತಾರಾ?"

ಅಮ್ಮನಿಗೆ ಏನೂ ಗೊತ್ತಿರಲಿಲ್ಲ. "ಯಾಕ ಸಾರಿ? ಏನ್ ಮಾಡ್ಯಾಳ ಇಕಿ?" ಎಂದು ನನ್ನ ಮುಖ ನೋಡಿದಳು. ತಮ್ಮನೂ ನೋಡಿದ. ಹೂಂ ಎನ್ನಬೇಕಿತ್ತು. ಒಂದೇ ಅಕ್ಷರ. ಊರಿನ ಅಷ್ಟೂ ಮನೆಗಳಲ್ಲಿ ಏಳೂವರೆಗೆ ಟಿವಿ ಮುಂದೆ ಕೂರುವವರು, ನನ್ನ ಕಚೇರಿಯವರು, ಓಟದವರು, ಎಲ್ಲರೂ ನನ್ನನ್ನು ನೋಡುತ್ತಿರುವಂತೆ ಕಂಡಿತು. ಫೋನಿನಲ್ಲಿ ಹುಡುಗಿ "ಹಲೋ ಸರ್?" ಎಂದಳು.

ತಮ್ಮ ಫೋನ್ ಎತ್ತಿಕೊಂಡ. "ಇಲ್ರಿ, ನಮ್ಮಕ್ಕ ಬರಂಗಿಲ್ಲ. ಆಕಿಗೆ ಆಫೀಸ್ ಇರ್ತದ. ನಾ ಒಬ್ಬನೇ ಬರ್ತೀನಿ, ನಡೀತದೇನ್ರಿ?" ಎಂದ. ಕೇಳಿ ಹೇಳುತ್ತೇವೆ ಎಂದು ಆ ಹುಡುಗಿ ಫೋನ್ ಇಟ್ಟಳು. ಮತ್ತೆ ಫೋನ್ ಬರಲಿಲ್ಲ. ಅವನು ಒಂದು ತಿಂಗಳು ಜೇಬಿನಿಂದ ಫೋನ್ ತೆಗೆದು ತೆಗೆದು ನೋಡುತ್ತಿದ್ದ. ಹೊಸ ಸೀಸನ್ ಶುರುವಾದ ಸಂಜೆ ಬೇರೆ ಯಾರೋ ಒಬ್ಬ ತಮ್ಮ, ಬೇರೆ ಯಾವುದೋ ಊರಿನವನು, ಆ ಯಂತ್ರದ ಮೇಲೆ ನಿಂತಿದ್ದ.

ಅಷ್ಟರಲ್ಲಿ ಅವನು ಭಾನುವಾರದ ಪಾಳಿ ಕೇಳಿ ಹಾಕಿಸಿಕೊಂಡಿದ್ದ. ಸ್ಕೂಟರಿನ ಬೆಳಕಿಲ್ಲದೆ ನಾವು ಮೊಬೈಲ್ ಬೆಳಕಿನಲ್ಲಿ ಓಡಿದೆವು. ಅವನು ಯಾರೆಂದು ನಮ್ಮ ಗುಂಪಿನವರಿಗೂ ನಾನು ಹೇಳಿರಲಿಲ್ಲ. ಕಡ್ಡಿರಾಂಪುರದ ಹತ್ತಿರ ಓಡುತ್ತಲೇ ಹಲ್ಲಿನ ಡಾಕ್ಟರಿಗೆ ಹೇಳಿದೆ: "ಸರ್, ನೀರು ತರ್ತಿದ್ದನಲ್ಲ, ಅವ ನನ್ನ ಸ್ವಂತ ತಮ್ಮ."

ಅವರು ನಿಲ್ಲದೆಯೇ, "ಮೇಡಂ, ನಮಗ ಮೊದಲ ದಿನಾನೇ ಗೊತ್ತೈತ್ರಿ. ಇಬ್ಬರ ಮುಖಾನೂ ಒಂದೇ ಅದಾವು" ಎಂದರು. ಎಷ್ಟೋ ದಿನ ಹೊತ್ತುಕೊಂಡು ತಿರುಗಿದ್ದ ಮಾತು ರಸ್ತೆಯ ಮೇಲೆ ಬಿತ್ತು, ಯಾರಿಗೂ ಬೇಕಾಗಿರಲಿಲ್ಲ.

ಮನೆಯಲ್ಲಿ ಒಮ್ಮೆ ಅವನು ಒಬ್ಬನೇ ಇದ್ದಾಗ ಧೈರ್ಯ ಮಾಡಿದೆ.

"ಅವತ್ತ ಹಂಪಿಯೊಳಗ ನಾ ಅಂದದ್ದು..."

"ಯಾವತ್ತ?"

"ನೀ ವಿಡಿಯೊದಾಗ ಹೇಳಿದ್ದು."

"ಅಯ್ಯ, ಅದಾ? ಬಿಡ ಅಕ್ಕ. ಟಿವಿಯವ್ರಿಗೆ ಹಂಗ ಏನರ ಹೇಳಬೇಕು, ಇಲ್ಲಾಂದ್ರ ತಗೋಳಂಗಿಲ್ಲ." ಹೀಗಂದು ಫ್ರಿಜ್ ತೆಗೆದು ಒಳಗೆ ಏನಿದೆ ಎಂದು ಬಹಳ ಹೊತ್ತು ಹುಡುಕಿದ. ನಿಜವಾಗಿಯೂ ಅವನು ನೊಂದಿದ್ದನೋ, ಟಿವಿಗೆಂದು ನೋವನ್ನು ದೊಡ್ಡದು ಮಾಡಿದ್ದನೋ, ಅಥವಾ ನನಗೆ ಹಗುರಾಗಲಿ ಎಂದು ಈಗ ಸುಳ್ಳು ಹೇಳುತ್ತಿದ್ದನೋ, ಕೇಳುವ ದಾರಿಯೇ ಅವನು ಬಿಡಲಿಲ್ಲ.

ವರ್ಷದೊಳಗೆ ಕೆಲಸ ಬದಲಿಸಿ ಸಂಡೂರಿನ ಒಂದು ಗಣಿ ಆಫೀಸಿಗೆ ಸೇರಿದ. ದಿನಾ ಓಡಾಡುವುದು ಆಗುವುದಿಲ್ಲ ಎಂದು ಅಲ್ಲೇ ರೂಮು ಮಾಡಿದ. ಅಮ್ಮ ಸಾರಿನ ಪುಡಿ, ಚಟ್ನಿಪುಡಿ ಕಟ್ಟಿ ಕೊಟ್ಟಳು. ಕಾರಣ ಕೇಳಲಿಲ್ಲ.

ಈ ಮಳೆಗಾಲದಲ್ಲಿ ನಮ್ಮ ಗುಂಪು ಸಂಡೂರಿನ ಗುಡ್ಡದ ರಸ್ತೆಯಲ್ಲಿ ಓಡುವುದೆಂದಾಯಿತು. ಮೊದಲೇ ಅವನಿಗೆ ಫೋನ್ ಮಾಡಿ ಹೇಳಿದ್ದೆ. "ಬರ್ತೀನಿ, ಎಂಟರ ಕಲ್ಲಿನ ಹತ್ರ ನಿಂತಿರ್ತೀನಿ" ಎಂದಿದ್ದ. ಎಂಟನೆಯ ಕಿಲೊಮೀಟರಿನಲ್ಲಿ ಮಂಜು, ಹಸಿರು, ಕೆಂಪು ನೀರು ಹರಿಯುವ ಚರಂಡಿ ಬಿಟ್ಟರೆ ಯಾರೂ ಇರಲಿಲ್ಲ. ಉಳಿದವರನ್ನು ಮುಂದೆ ಬಿಟ್ಟು ನಾನು ಕೆಳಗಿಳಿದು, ಆಟೊ ಹಿಡಿದು ಅವನ ರೂಮಿಗೆ ಹೋದೆ.

ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ಮುಖ ಊದಿತ್ತು. ಎಡಗಾಲಿನ ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನಾತಲೇ ಕಾಲಿಗೆ?"

"ಚಪ್ಪಲಿ ಕಚ್ಚಿದ್ದು. ಸಕ್ಕರೆ ಜಾಸ್ತಿ ಅದಂತ, ಜಲ್ದಿ ಮಾಯಂಗಿಲ್ಲಂತ." ಕಿಟಕಿಯಲ್ಲಿ ಗುಳಿಗೆಯ ಹಾಳೆಗಳಿದ್ದವು. ಐದು ತಿಂಗಳಿನಿಂದ ತಗೊಳ್ಳುತ್ತಿದ್ದನಂತೆ. ನಮಗೆ ಹೇಳಿರಲಿಲ್ಲ.

"ನನಗರ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಓಡು ಅಂತಿದ್ದಿ" ಎಂದ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ಎಷ್ಟು ಓಡಿದಿ ಇವತ್ತ?"

"ಎಂಟು."

"ಪೂರ್ತಿ ಮಾಡಬೇಕಿತ್ತು" ಎಂದು, ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟ. ನಾನು ಅವನ ಕಾಲಿನ ಬಟ್ಟೆ ಬಿಚ್ಚಿ ನೋಡಿದೆ. ಗಾಯದ ಅಂಚು ಕಪ್ಪಾಗಿತ್ತು. ಇವತ್ತೇ ಬಳ್ಳಾರಿಗೆ ಹೋಗೋಣ, ಈಗಲೇ ಹೋಗೋಣ ಎಂದೆ. ಬೇಡಿಕೊಂಡೆ, ಬೈದೆ, ಅಮ್ಮನಿಗೆ ಫೋನ್ ಮಾಡುತ್ತೇನೆ ಎಂದು ಹೆದರಿಸಿದೆ. ಅವನು ಎಲ್ಲದಕ್ಕೂ "ಹೂಂ ಅಕ್ಕ, ಬರೋ ವಾರ" ಎಂದ. ಅವನ ಕೈ ಹಿಡಿದು ಎಳೆದೆ. ನೂರ ಮೂವತ್ತು ಕಿಲೊ ತೂಕದವನನ್ನು ಮಂಚದಿಂದ ಎಬ್ಬಿಸುವ ಶಕ್ತಿ ನನ್ನಲ್ಲಿರಲಿಲ್ಲ. ಅವನು ಕೈ ಬಿಡಿಸಿಕೊಳ್ಳಲೂ ಇಲ್ಲ, ಏಳಲೂ ಇಲ್ಲ, ಸುಮ್ಮನೆ ನನ್ನ ಕೈಯನ್ನು ಹಿಡಿದುಕೊಂಡು ಕುಳಿತ.

ಮರುವಾರ ಹೋದೆ. ಆಫೀಸಿನಲ್ಲಿ ರಜೆ ಇಲ್ಲ ಎಂದ. ಅದರ ಮುಂದಿನ ವಾರ ಅಮ್ಮನನ್ನೂ ಕರೆದುಕೊಂಡು ಹೋದೆ. ಅವಳಿಗೆ ಗಾಯ ತೋರಿಸದೆ ಕಾಲುಚೀಲ ಹಾಕಿಕೊಂಡಿದ್ದ. ಬಳ್ಳಾರಿಯ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಇಟ್ಟಿದ್ದೇನೆ. ನಾಡಿದ್ದು ಬುಧವಾರ ಹೋಗಬೇಕು. ಬರುತ್ತೇನೆ ಎಂದಿದ್ದಾನೆ. ಇವತ್ತು ಮಧ್ಯಾಹ್ನದಿಂದ ಮೂರು ಸಲ ಫೋನ್ ಮಾಡಿದೆ, ಎತ್ತುತ್ತಿಲ್ಲ.