ಅಪ್ಪನ ಎತ್ತರದ ಹಲಗೆ

ಇವತ್ತು ಅಡುಗೆಮನೆಗೆ ಹಲಗೆ ಕೂರಿಸಲು ಬಡಗಿ ಬಂದಿದ್ದಾರೆ. ತೇಗದ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ, ನಾನು ಹೊನ್ನಾಳಿಯ ನಮ್ಮ ಹಳೇ ಅಡುಗೆಮನೆಯಲ್ಲಿದ್ದೆ.

ಅವ್ವ ಹೆರಿಗೆಗೆಂದು ಜಗಳೂರಿನ ತವರಿಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಅವಳ ಡಬ್ಬಿಗಳಿಗೊಂದು ಹಲಗೆ ಹಾಕಿಸಬೇಕೆಂದು ಅಪ್ಪ ಮತ್ತು ನಾನು ಸೇರಿದ ಮಹಾಸಭೆ ತೀರ್ಮಾನಿಸಿತು. ಕೆಳಗೆ ಆಸರೆಯೇ ಕಾಣದಂತೆ, ಗೋಡೆಯೊಳಗೆ ಗೂಟ ಹುಗಿದು ಕೂರಿಸುವ ಹಲಗೆ.

"ಎಷ್ಟು ಎತ್ತರಕ್ಕೆ ಬೇಕ್ರಿ?" ಎಂದರು ಬಡಗಿ ವೀರಾಚಾರ್ರು.

ಅಪ್ಪ ಗೋಡೆಗೆ ತಾಗಿ ನಿಂತು ಕೈ ಎತ್ತಿದರು. ನಾನು ಆಚಾರ್ರ ಏಣಿ ಹತ್ತಿ ಇದ್ದಿಲಿನಿಂದ ಗೆರೆ ಎಳೆದು, "ಸಭೆ ಒಪ್ಪೈತೆ" ಎಂದು ಘೋಷಿಸಿದೆ.

ಅವ್ವ ಕೂಸಿನೊಂದಿಗೆ ಬಂದವಳು ಹಲಗೆಯತ್ತ ಕೈ ಚಾಚಿದಳು. ಬೆರಳು ಅಂಚಿಗೂ ತಾಗಲಿಲ್ಲ.

"ಚೆಂದಾಗೈತೆ ಬಿಡ್ರಿ" ಎಂದಳು.

"ಇಳಿಸಾಕೆ ಆಗಲ್ವೇನ್ರಿ, ಆಚಾರ್ರೇ?" ಅಪ್ಪ ಬಡಗಿಯ ಮನೆಗೆ ಓಡಿಹೋಗಿ ಕೇಳಿದರು.

"ಗೂಟ ಕಿತ್ರೆ ಮಣ್ಣಿನ ಗೋಡೇನೂ ಜೊತೀಗೆ ಬರ್ತೈತ್ರಿ."

ಅಂದಿನಿಂದ ಅಂಗಡಿಗೆ ಹೋಗುವ ಮುನ್ನ ಅಪ್ಪ ಡಬ್ಬಿಗಳನ್ನೆಲ್ಲ ಕೆಳಗಿಳಿಸುವರು, ಬಂದಮೇಲೆ ಮತ್ತೆ ಮೇಲಿಡುವರು. ನಾನು ಒಂದೊಂದನ್ನೇ ಹಿಡಿದುಕೊಳ್ಳುತ್ತಿದ್ದೆ.

"ಸಭೇಗೆ ನನ್ನೂ ಕರೀಬಹುದಿತ್ತು" ಎಂದು ಅವ್ವ ನಕ್ಕರೆ ಇಬ್ಬರೂ ನೆಲ ನೋಡುತ್ತಿದ್ದೆವು.

"ಎತ್ತರ ಎಷ್ಟು ಸರ್?" ಇವತ್ತಿನ ಬಡಗಿ ಕೇಳುತ್ತಿದ್ದಾರೆ. ನನ್ನ ಕೈ ತಾನಾಗಿಯೇ ಮೇಲೆದ್ದಿತ್ತು. ಇಳಿಸಿ, ಹೆಂಡತಿಯನ್ನು ಕರೆದೆ.