ಲಕ್ಕಕ್ಕ ಓಗೊಟ್ಟ ಕರೆ

ಕಾಗಾಲದ ಲಕ್ಕಕ್ಕನಷ್ಟು ಹಟಮಾರಿ ಹೆಂಗಸನ್ನು ಕುಮಟಾ ಪೇಟೆಯಲ್ಲಿ ನಾನು ಬೇರೆ ನೋಡಿಲ್ಲ. ಸಂತೆಯ ದಿನ ಬಸಳೆ, ಹೀರೆಕಾಯಿ ಹೊತ್ತು ಬಂದು ನನ್ನ ರೇಡಿಯೊ ರಿಪೇರಿ ಅಂಗಡಿಯ ಮೆಟ್ಟಿಲ ಮೇಲೆಯೇ ಕೂರುವಳು. "ಗಿರಾಕಿ ಒಳಗೆ ಬರೂದು ಹ್ಯಾಂಗೆ ಲಕ್ಕಕ್ಕಾ?" ಎಂದರೆ, "ನಿನ್ನ ಅಂಗ್ಡಿಗೆ ಗಿರಾಕಿ ಬಂದದ್ದು ನಾ ಎಲ್ಲಿ ಕಂಡೆ ತಮಾ?" ಎಂದು ಬೀದಿಯವರೆದುರು ನನ್ನ ಮಾನ ಕಳೆಯುವಳು. ಸಾಯಂಕಾಲ ಹೋಗುವಾಗ ಒಂದು ಕಟ್ಟು ಬಸಳೆ ನನ್ನ ಮೇಜಿನ ಮೇಲೆ ಇಟ್ಟು ಹೋಗುವಳು. ದುಡ್ಡು ತೆಗೆದರೆ ಕೆಂಡದಂಥ ಸಿಟ್ಟು.

ಹಾಲಕ್ಕಿ ಒಕ್ಕಲಿಗರ ಹೆಂಗಸು. ಆ ಜನರಲ್ಲಿ ಹಾಡು ಬಾರದವರೇ ಅಪರೂಪ; ನಾಟಿಗೆ ಒಂದು ಹಾಡು, ಮದುವೆಗೆ ಒಂದು, ಬೀಸುವಾಗ ಇನ್ನೊಂದು. ಹರೆಯದಲ್ಲಿ ಲಕ್ಕಕ್ಕ ಹಾಡು ಎತ್ತಿದರೆ ಆಚೆ ಗದ್ದೆಯವರು ಕೈಯ ಸಸಿ ಹಾಗೇ ಹಿಡಿದು ನಿಲ್ಲುತ್ತಿದ್ದರಂತೆ. ನಾನು ಕಂಡ ಲಕ್ಕಕ್ಕ ಮಾತ್ರ ಒಂದು ಸಾಲನ್ನೂ ಗುನುಗಿದವಳಲ್ಲ. ಗಂಡ ಹಮ್ಮ ಹೋದ ಮೇಲೆ ಹಾಡು ನಿಂತುಹೋಯಿತು ಎಂದು ಅವಳ ಊರವರು ಹೇಳುತ್ತಿದ್ದರು.

ತೊಂಬತ್ತೆಂಟರ ಸುಮಾರಿಗೆ ಭಟ್ಕಳದವರೊಬ್ಬರು ದುಬೈಯಿಂದ ತಂದ ಟೇಪ್ ರೆಕಾರ್ಡರನ್ನು ನನ್ನಲ್ಲಿ ರಿಪೇರಿಗೆ ಕೊಟ್ಟು ಮತ್ತೆ ದುಬೈಗೆ ಹೋದರು, ತಿರುಗಿ ಬರಲಿಲ್ಲ. ಅದರೊಳಗೆ ಒಂದು ಕ್ಯಾಸೆಟ್ಟು ಉಳಿದಿತ್ತು. ಮೇಲೆ ಬಾಲ್ ಪೆನ್ನಿನಲ್ಲಿ ಬರೆದ ಹೆಸರುಗಳಿಗೆ ನನ್ನ ನಾಲಿಗೆ ಹೊರಳಲಿಲ್ಲ. ಜೊತೆಗಿದ್ದ ಇಸವಿ ನೋಡಿದರೆ, ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಯುರೋಪಿನ ಯಾವುದೋ ಊರಿನ ದೊಡ್ಡ ವಾದ್ಯವೃಂದ ಜನರೆದುರು ನುಡಿಸಿದ್ದು. ಯಾರೋ ಅದನ್ನು ಹಳೆಯ ಗ್ರಾಮಫೋನ್ ತಟ್ಟೆಯಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು.

ಮೊದಲ ಸಲ ಹಾಕಿದಾಗ ಮೋಟಾರು ಎಳೆಯುತ್ತಿದೆ ಎಂದುಕೊಂಡೆ. ಅಷ್ಟು ನಿಧಾನ. ದಪ್ಪ ತಂತಿಯ ದೊಡ್ಡ ಪಿಟೀಲುಗಳು ನೆಲದಡಿಯಿಂದ ಬಂದಂತೆ ಶುರುವಾಗುತ್ತವೆ, ಸಣ್ಣವು ಒಂದೊಂದಾಗಿ ಬಂದು ಕೂಡುತ್ತವೆ. ಸಭೆಯಲ್ಲಿ ಯಾರೋ ಕೆಮ್ಮುತ್ತಾರೆ, ಎಲ್ಲೋ ಕುರ್ಚಿ ಕಿರುಗುಟ್ಟುತ್ತದೆ. ಇಷ್ಟು ವರ್ಷಗಳ ಮೇಲೆ ಆ ಕೆಮ್ಮಿದವನು ಬದುಕಿರಲಾರ ಎಂಬ ಯೋಚನೆ ಬಂದು ನನಗೆ ಒಂಥರಾ ಆಗುತ್ತಿತ್ತು. ಒಂದು ಕಡೆ ವಾದ್ಯಗಳೆಲ್ಲ ಒಮ್ಮೆಗೇ ನಿಂತುಬಿಡುತ್ತವೆ. ಆಗ ಬಲು ದೂರದಿಂದ ಒಂಟಿ ಕಹಳೆ ಒಂದು ಸಲ ಕೂಗುತ್ತದೆ. ನುಡಿಸುವವನನ್ನು ಸಭೆಯ ಹೊರಗೇ ನಿಲ್ಲಿಸಿದ್ದಿರಬೇಕು. ಅಷ್ಟರಲ್ಲಿ ಟಕ್ಕೆಂದು ಕ್ಯಾಸೆಟ್ಟು ಮುಗಿಯುತ್ತದೆ. ಸಂಗೀತ ಮುಗಿದಿರಲಿಲ್ಲ, ಟೇಪು ಸಾಲದೇ ಹೋಗಿತ್ತು. ಇನ್ನೊಂದಿಷ್ಟು ಉದ್ದದ ಕ್ಯಾಸೆಟ್ಟು ತರಲು ಆ ಪುಣ್ಯಾತ್ಮನಿಗೆ ಏನು ರೋಗವೋ! ಬೈದುಕೊಳ್ಳುತ್ತಲೇ ದಿನಾ ಹಾಕಿ ಕೇಳುತ್ತಿದ್ದೆ. ನನಗೆ ಅದರ ಹುಚ್ಚು ಹಿಡಿದಿತ್ತು.

ಒಂದು ಸಂತೆಯ ದಿನ ಮಟಮಟ ಮಧ್ಯಾಹ್ನ, ಬೀದಿಯೆಲ್ಲ ಊಟಕ್ಕೆ ಹೋಗಿ ಖಾಲಿಯಾದ ಹೊತ್ತು. ಕಹಳೆ ಕೂಗಿದ್ದೇ ಲಕ್ಕಕ್ಕ ಮೆಟ್ಟಿಲಿಂದ ಎದ್ದು ನಿಂತಳು. ಬುಟ್ಟಿ ಮಗುಚಿ ಹೀರೆಕಾಯಿ ರಸ್ತೆಗೆ ಉರುಳಿದವು.

"ಅದ್ಯಾರಾ ಕರದದ್ದು?"

"ಯಾರೂ ಅಲ್ಲ ಮಾರಾಯ್ತಿ, ಕ್ಯಾಸೆಟ್ಟು."

"ಮತ್ತೊಂದ್ಸಲ ಕರೀತದ್ಯಾ?"

"ಇಲ್ಲ. ಅಲ್ಲಿಗೇ ಮುಗೀತು."

ಅವಳ ಮುಖ ಬಿಳಿಚಿಕೊಂಡದ್ದು ಕಂಡು ನನ್ನ ತಮಾಷೆ ಬಾಯಲ್ಲೇ ಉಳಿಯಿತು. ಹೀರೆಕಾಯಿ ಆರಿಸಿ ಕೊಟ್ಟ ಮೇಲೆ ಅವಳೇ ಹೇಳಿದಳು.

ಹಮ್ಮ ಗಜನಿಯ ಕಾವಲಿಗಿದ್ದ. ಹೊಳೆಯ ಉಪ್ಪುನೀರು ಬಂದು ಹೋಗುವ ಆ ಗದ್ದೆಯ ಒಡ್ಡಿಗೆ ಒಂದು ಬಾಗಿಲಿರುತ್ತದೆ. ಅದರ ಹಲಗೆ ಎತ್ತಿ ಇಳಿಸುವುದು ಅವನ ಕೆಲಸ. ಒಂದು ಅಮಾವಾಸ್ಯೆಯ ಮುಸ್ಸಂಜೆ, ಭರತದ ನೀರು ಏರುವಾಗ, ಹಲಗೆ ನೋಡಿ ಬರುತ್ತೇನೆಂದು ಹೋದ. ಸ್ವಲ್ಪ ಹೊತ್ತಿಗೆ ಗಜನಿಯ ಕಡೆಯಿಂದ "ಲಕ್ಕೀ" ಎಂದು ಒಂದು ಕರೆ ಬಂತು. ಓ ಎನ್ನಲು ಇವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹನುಮಕ್ಕ ಅಂಗೈಯಿಂದ ಬಾಯಿ ಮುಚ್ಚಿದಳು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ಒಂದೇ ಸಲ ಕರೆಯುವುದು ಮನುಷ್ಯರಲ್ಲ, ಅದಕ್ಕೆ ಓಗೊಟ್ಟರೆ ಕರೆದುಕೊಂಡೇ ಹೋಗುತ್ತದೆ ಎನ್ನುವುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಅತ್ತೆ ಸೊಸೆ ಎರಡನೆಯ ಕರೆಗೆ ಕಾದರು. ಬರಲಿಲ್ಲ. ಹಮ್ಮನೂ ಬರಲಿಲ್ಲ. ಬೆಳಗಾದ ಮೇಲೆ ನೋಡಿದರೆ ಒಡ್ಡು ಕಿತ್ತುಹೋಗಿತ್ತು. ಅಘನಾಶಿನಿ ಹೊಳೆ ಹೆಣವನ್ನೂ ಕೊಡಲಿಲ್ಲ.

"ಕರದದ್ದು ಅವ್ನೇ ಆದ್ರೆ, ಅವ್ನ ಕೊಂದವ್ಳು ನಾನೇಯ ತಮಾ. ಅವ್ನಲ್ದಿದ್ರೆ ಎಲ್ಲೋ ಜೀಂವ ಇದ್ದಾನೆ."

ಈ ಎರಡರ ನಡುವೆ ಸಿಕ್ಕಿಕೊಂಡು ಅವಳು ಗಂಡನ ದಿನಕರ್ಮ ಮಾಡಗೊಟ್ಟಿರಲಿಲ್ಲ, ಕೊರಳ ಕರಿಮಣಿ ತೆಗೆದಿರಲಿಲ್ಲ. ಅತ್ತೆ ಸತ್ತಿದ್ದಳು. ಆದರೂ ಹಾಡಲು ಬಾಯಿ ತೆರೆದರೆ ಆ ಅಂಗೈ ಬಂದು ಮುಚ್ಚುತ್ತದೆ, ಕೈಯ ಒಲೆಬೂದಿಯ ವಾಸನೆ ಕೂಡ ಬರುತ್ತದೆ ಎಂದಳು.

ಅಂದಿನಿಂದ ಪ್ರತಿ ಸಂತೆಗೂ ಹಾಕಿಸಿಕೊಂಡು ಕೇಳುವಳು. ದೊಡ್ಡ ಪಿಟೀಲುಗಳು ಶುರುವಾದರೆ "ಭರತ ಬಂತು" ಎನ್ನುವಳು. ಎಲ್ಲ ವಾದ್ಯ ನಿಂತಾಗ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿಯುವಳು. ಟಕ್ಕೆಂದ ಮೇಲೆ ಪ್ರತಿ ಸಲವೂ ಅದೇ ಮಾತು: "ಆಚೆಗೆ ಎಂತ ಇತ್ತು? ಮತ್ತೆ ಕರದ್ನನಾ? ಅದೊಂದು ಕೇಳ್ಸು, ಸಾಕು ನಂಗೆ."

"ಹುಚ್ಚೇ ನಿಂಗೆ? ಯುರೋಪಿನ ಕಹಳೆಗೂ ನಿನ್ನ ಹಮ್ಮಂಗೂ ಎಂತ ಸಂಬಂಧ?" ಎಂದು ರೇಗಿದೆ.

"ಅಷ್ಟು ದೂರದಿಂದ ಕರದವ ಒಂದೇ ಸಲಕ್ಕೆ ಸುಮ್ನಾಗ್ತಾನಾ? ನೀನೇ ಹೇಳು."

ಮರುದಿನವೇ ಕ್ಯಾಸೆಟ್ಟಿನ ಮೇಲಿದ್ದ ಹೆಸರುಗಳನ್ನು ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಯವರಿಗೆ ಬರೆದುಕೊಟ್ಟೆ. ವರ್ಷಗಳೇ ಕಳೆದವು. ನಾನು ಆಸೆ ಬಿಟ್ಟಿದ್ದೆ, ಅವಳು ಬಿಟ್ಟಿರಲಿಲ್ಲ. ಎರಡು ಸಾವಿರದ ಮೂರರ ಮಳೆಗಾಲ ಕಳೆದ ಮೇಲೆ ದುಬೈಯಿಂದ ಸಿ.ಡಿ. ಬಂತು. ಅದೇ ವಾದ್ಯವೃಂದ, ಅದೇ ಸಭೆ, ಅದೇ ಕೆಮ್ಮು.

ಮೊದಲು ನಾನೊಬ್ಬನೇ ಕೇಳಿದೆ. ಕಹಳೆ ಕೂಗಿತು. ಆಮೇಲಿನ ಮೌನದಲ್ಲಿ ಸಭೆಗೆ ಸಭೆಯೇ ಉಸಿರು ಹಿಡಿದದ್ದು ತಿಳಿಯುತ್ತಿತ್ತು. ಕಹಳೆ ಮತ್ತೊಮ್ಮೆ ಕೂಗಿತು, ಇನ್ನೂ ದೂರದಿಂದ. ಮತ್ತೆ ಮೌನ. ಸ್ಪೀಕರಿಗೆ ಕಿವಿ ಹಚ್ಚಿ ಕಾದೆ. ಬಂದದ್ದು ನಗಾರಿ. ಇಡೀ ವೃಂದ ಮೇಲೆ ಬಿದ್ದು ಭೋರ್ಗರೆದು ಮುಗಿಯಿತೇ ಹೊರತು ಕಹಳೆ ಮತ್ತೆ ಬಾಯಿ ಬಿಡಲಿಲ್ಲ. ಒಂದಾದರೆ ಭೂತ, ಮೂರಾದರೆ ಮನುಷ್ಯ. ಎರಡಕ್ಕೆ ಅವಳಿಗೆ ಏನು ಹೇಳಲಿ? ಸಿ.ಡಿ. ಬಂದೇ ಇಲ್ಲ ಎಂದುಬಿಡುವುದೆಂದು ಗಟ್ಟಿ ಮಾಡಿಕೊಂಡೆ.

ಸಂತೆಯ ದಿನ ಬಂದವಳು ಬುಟ್ಟಿ ಇಳಿಸುವ ಮೊದಲೇ ನನ್ನ ಮುಖ ನೋಡಿ, "ಬಂತಲ್ಲ, ಹಾಕು" ಎಂದಳು. ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

ಮಧ್ಯಾಹ್ನ ಬೀದಿ ಖಾಲಿಯಾದ ಮೇಲೆ ಹಾಕಿದೆ. ಮೊದಲ ಕರೆಗೆ ಅವಳು ಅಲುಗಲಿಲ್ಲ. ಎರಡನೆಯದಕ್ಕೆ ಕಣ್ಣು ಮುಚ್ಚಿದಳು. ಮೌನ ಬಂತು. ಆ ಮೌನದ ನಡುವೆ ಲಕ್ಕಕ್ಕ ಎದ್ದಳು. ಸ್ಪೀಕರಿನ ಕಡೆಗಲ್ಲ, ಬೀದಿಯ ಕಡೆಗೆ ತಿರುಗಿ, ಎದೆ ತುಂಬ ಉಸಿರು ತೆಗೆದುಕೊಂಡು "ಓ" ಎಂದಳು. ಎರಡು ಗದ್ದೆಯಾಚೆಗೂ ಮುಟ್ಟುವ ದನಿ. ಗಾಜಿನ ಕಪಾಟು ನಡುಗಿತು. ಆಮೇಲೆ ನಗಾರಿ ಬಂತು.

"ಮೂರಾತು. ಕೇಳ್ತಲ್ಲ ತಮಾ?"

"ಕೇಳ್ತು" ಎಂದೆ.

"ಅವ್ನೇಯ. ಇಷ್ಟು ತಡ ಮಾಡಿದ್ನಲ್ಲ ನಾನು. ಆದ್ರೂ ಸಿಟ್ಟಿರ್ಲಿಲ್ಲ ಅವಂಗೆ." ಅಷ್ಟು ಹೇಳಿ ಅಳತೊಡಗಿದಳು. ನನಗೂ ಅಳು ಬಂತು.

ಮುಂದಿನ ಅಮಾವಾಸ್ಯೆಗೆ ಲಕ್ಕಕ್ಕ ಹಮ್ಮನ ಕರ್ಮ ಮಾಡಿಸಿ ಕರಿಮಣಿ ತೆಗೆದಿಟ್ಟಳು. ಮರುವರ್ಷದ ನಾಟಿಗೆ ಅವಳೇ ಹಾಡು ಎತ್ತಿದಳೆಂದು ಕಾಗಾಲದವರು ಬಂದು ಹೇಳಿದರು.

ಅವಳನ್ನು ಸಮಾಧಾನ ಮಾಡಲು ನಾನು ಕೇಳ್ತು ಎಂದೆನೆಂದು ನನ್ನ ಹೆಂಡತಿ ಇಂದಿಗೂ ನಂಬಿದ್ದಾಳೆ. ನಾನೂ ಹಾಗೇ ಬಿಟ್ಟಿದ್ದೇನೆ. ಆ ಸಿ.ಡಿ.ಯನ್ನು ಆಮೇಲೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಕಹಳೆ ಕೂಗುವುದು ಎರಡೇ ಸಲ. ಅಂದು ಅವಳು ಓಗೊಡುವ ಮೊದಲು ಮೂರನೆಯ ಕರೆ ಬಂದದ್ದು ಖಾಲಿ ಬೀದಿಯಿಂದ. ಅದು ವಾದ್ಯವಲ್ಲ, ಗಂಡಸಿನ ದನಿ. "ಲಕ್ಕೀ" ಎಂದು ಕರೆದದ್ದನ್ನು ನಾನೂ ಕೇಳಿದೆ.