ಮೊದಲು ಎಮ್ಮೆ ಇಳಿಯಲಿ

ಬೆಳಿಗ್ಗೆ ಅವ್ವನಿಗೆ ಮೊಬೈಲಿನಲ್ಲಿ ಚಂದ್ರನ ಮೇಲಿಳಿದ ರೋವರ್ ತೋರಿಸುತ್ತಿದ್ದೆ. ಬೂದು ಮಣ್ಣಿನಲ್ಲಿ ಆ ಪುಟ್ಟ ಗಾಡಿಯ ಚಕ್ರದ ಗುರುತು ಕಂಡದ್ದೇ ತಡ, ನನ್ನ ಮೂಗಿಗೆ ಶಿಂಷಾ ಹೊಳೆಯ ಹಸಿ ಮರಳಿನ ವಾಸನೆ ಬಡಿಯಿತು.

ನಾನು ಚಿಕ್ಕವಳಿದ್ದಾಗ ಕೊಪ್ಪದ ಕಡೆ ನಮ್ಮ ಗದ್ದೆ ಹೊಳೆಯ ಆಚೆಗಿತ್ತು. ಪ್ರತಿ ಮಳೆಗಾಲ ಕಳೆದಾಗಲೂ ಹೊಳೆಯ ತಳವೇ ಬದಲಾಗಿರುತ್ತಿತ್ತು. ಹಿಂದೆ ನಡೆದ ಜಾಗದಲ್ಲೇ ಗುಂಡಿ, ಕಾಲು ಹೂತುಹೋಗುವ ಮರಳು. ಅವ್ವ ನನ್ನ ರಟ್ಟೆ ಹಿಡಿದು ದಡದಲ್ಲೇ ನಿಲ್ಲಿಸಿ, ಮೊದಲು ನಮ್ಮ ಮುದಿ ಎಮ್ಮೆ ಗೌರಿಯನ್ನು ನೀರಿಗೆ ಬಿಡುತ್ತಿದ್ದಳು.

ಒಂದು ಸಲ ಗೌರಿ ನಡುಹೊಳೆಯಲ್ಲಿ ನಿಂತೇಬಿಟ್ಟಳು. ನನಗೆ ಹಸಿವು.

"ಒಂದು ಏಟು ಆಕವ್ವ" ಅಂದೆ.

"ಮುಚ್ಕೊಂಡ್ ನಿಂತ್ಕೊ. ಕಾಲಲ್ಲಿ ನೆಲ ನೋಡ್ತಾವ್ಳೆ ಕಣಮ್ಮಿ."

ಗೌರಿ ಮುಂಗಾಲು ಹಿಂದಕ್ಕೆಳೆದುಕೊಂಡಳು. ಬಲಕ್ಕೆ ದೊಡ್ಡದಾಗಿ ಸುತ್ತಿ ಆಚೆ ದಡ ಹತ್ತಿದಳು. ಅದೇ ಜಾಡಿನಲ್ಲಿ ನಾವೂ ದಾಟಿದೆವು. ಬುತ್ತಿ ಬಿಚ್ಚಿದ ಅವ್ವ ಬೆಲ್ಲದ ಅಚ್ಚು ಮುರಿದು, ಮೊದಲ ತುಂಡನ್ನು ಗೌರಿಯ ಬಾಯಿಗಿಟ್ಟಳು. ನಾನು ಮುಖ ಊದಿಸಿಕೊಂಡೆ.

"ಮುಂದೆ ಇಳ್ದೋರಿಗೆ ಮೊದ್ಲು" ಅಂದಳು.

ಗೊತ್ತಿಲ್ಲದ ನೆಲಕ್ಕೆ ಮನುಷ್ಯ ಹೋಗುವ ರೀತಿ ಈಗಲೂ ಅದೇ ಅಲ್ಲವೇ ಎಂದು ಯೋಚಿಸುತ್ತಿದ್ದೆ. ಅವ್ವ ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ಕೇಳಿದಳು:

"ಇದು ವಾಪಸ್ ಬಂತಾ?"

"ಇಲ್ಲವ್ವ. ಕೆಲಸ ಮುಗಿಸಿ ಅಲ್ಲೇ ಮಲಗಿದೆ."

ಅವ್ವ ಆ ಚಕ್ರದ ಗುರುತಿನ ಮೇಲೆ ಬೆರಳಾಡಿಸಿದಳು.

"ಇನ್ನೊಂದ್ ಸಲ ಜನ ಓಗೋವಾಗ, ಒಂದ್ ತುಂಡು ಬೆಲ್ಲ ತಕ್ಕಂಡ್ ಓಗಕ್ಕೇಳು."